ಕಂಪನಿ ಗಾಡಿ, ಸಾಹುಕಾರರ ಗಾಡಿ

ಅಕ್ಕನ ಮಗ ಹೋದ ವಾರ ಫೋನ್ ಮಾಡಿದ್ದ. ಹೆವಿ ಲೈಸೆನ್ಸ್ ಕೈಗೆ ಬಂದಿದೆಯಂತೆ, ನೆಲಮಂಗಲದ ಕಡೆ ಒಂದು ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿಯವರು ಡ್ರೈವರ್‌ಗಳನ್ನು ತಗೊಳ್ಳುತ್ತಿದ್ದಾರಂತೆ. "ಮಾವ, ಸೇರ್ಲಾ ಬೇಡ್ವಾ, ಒಂದೇ ಮಾತಲ್ಲಿ ಹೇಳಿ" ಅಂದ. ನಾನು ಆಗ ಆನಂದಪುರದ ಹತ್ತಿರ ಗಾಡಿ ಸೈಡಿಗೆ ಹಾಕಿ ಚಹಾ ಕುಡಿಯುತ್ತಿದ್ದೆ. ಒಂದೇ ಮಾತಲ್ಲಿ ಹೇಳುವುದಕ್ಕೆ ಅದೇನು ಅಡಿಕೆ ರೇಟಾ? ಅದೂ ಬೆಳಿಗ್ಗೆ ಒಂದು, ಸಂಜೆ ಒಂದು ಇರುತ್ತದೆ. ಬರೆದು ಕಳಿಸ್ತೀನಿ ಮಾರಾಯ ಅಂದೆ. ಬರೆಯುತ್ತಾ ಹೋದ ಹಾಗೆ ಉದ್ದ ಆಯಿತು, ಹಾಗಾಗಿ ಇಲ್ಲೇ ಹಾಕುತ್ತಿದ್ದೇನೆ. ಅವನಂಥ ಹುಡುಗರು ಹೊಸನಗರ, ತೀರ್ಥಹಳ್ಳಿ ಕಡೆ ಬೇಕಾದಷ್ಟು ಇದ್ದಾರೆ.

ನನ್ನದು ರಿಪ್ಪನ್‌ಪೇಟೆಯಿಂದ ಒಳಗೆ ಒಂದು ಹಳ್ಳಿ. ಒಂದು ಎಕರೆ ಅಡಿಕೆ ತೋಟ ಇದೆ, ಅದರಲ್ಲಿ ಮನೆ ನಡೆಯುವಷ್ಟು ಆಗುತ್ತಿರಲಿಲ್ಲ. ಪಿಯುಸಿ ಫೇಲಾದ ವರ್ಷ ಸಾಗರದ ಒಬ್ಬ ಸಾಹುಕಾರರ ಲಾರಿಗೆ ಕ್ಲೀನರ್ ಆಗಿ ಹತ್ತಿದೆ, ಆಮೇಲೆ ಅದೇ ಲಾರಿಗೆ ಡ್ರೈವರ್ ಆದೆ. ಅಡಿಕೆ ಮೂಟೆ, ಶುಂಠಿ, ಶಿಕಾರಿಪುರದ ಮೆಕ್ಕೆಜೋಳ, ಸೊರಬದ ಅನಾನಸ್, ಸಿಕ್ಕಿದ್ದೆಲ್ಲ ಹೊತ್ತಿದ್ದೇನೆ. 2016ರಲ್ಲಿ ಅದನ್ನು ಬಿಟ್ಟು ದೊಡ್ಡ ಕಂಪನಿ ಸೇರಿದೆ. ಸಾವಿರಾರು ಗಾಡಿ ಇರುವ ಕಂಪನಿ, ಹೆಸರು ಬೇಡ. ಅಲ್ಲಿ ಆರು ವರ್ಷ. ಈಗ ಮತ್ತೆ ಊರ ಕಡೆಯವರೊಬ್ಬರ ಟೆನ್ ವೀಲರ್ ಓಡಿಸುತ್ತಿದ್ದೇನೆ. ಎರಡೂ ಕಡೆ ಉಪ್ಪು ತಿಂದವನು, ಹಾಗಾಗಿ ಎರಡೂ ಕಡೆಯವರನ್ನು ಬೈಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಸಾಹುಕಾರರ ಹತ್ತಿರ ಸಂಬಳ ಅಂತ ಒಂದು ಇತ್ತು, ಆದರೆ ಅದು ಯಾವತ್ತು ಬರುತ್ತದೆ ಅಂತ ದೇವರಿಗೂ ಗೊತ್ತಿರಲಿಲ್ಲ. ಮೂರು ತಿಂಗಳದ್ದು ಒಟ್ಟಿಗೆ ಕೊಟ್ಟಿದ್ದೂ ಇದೆ, ಮಂಡಿಯಿಂದ ದುಡ್ಡು ಬಂದಿಲ್ಲ ಅಂತ ಐನೂರು ಕೈಗಿಟ್ಟು ಕಳಿಸಿದ್ದೂ ಇದೆ. ಆದರೆ ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿ "ಸಾಹುಕಾರ್ರೇ, ಅಪ್ಪನ್ನ ಆಸ್ಪತ್ರೆಗೆ ಹಾಕಿದ್ದೀವಿ" ಅಂದಾಗ ಪಂಚೆ ಸರಿಮಾಡಿಕೊಳ್ಳುತ್ತಾ ಒಳಗೆ ಹೋಗಿ ಹತ್ತು ಸಾವಿರ ತಂದು ಕೊಟ್ಟವರೂ ಅವರೇ, ಒಂದು ಚೀಟಿ ಬರೆಸಿಕೊಳ್ಳಲಿಲ್ಲ. ಆ ಹತ್ತು ಸಾವಿರ ತೀರಿಸುವವರೆಗೆ ಕೆಲಸ ಬಿಡುವ ಹಾಗಿಲ್ಲ, ಅದು ಬೇರೆ ಮಾತು. ಕಂಪನಿಯಲ್ಲಿ ಪ್ರತಿ ತಿಂಗಳು 7ನೇ ತಾರೀಕು ಮೊಬೈಲ್ ಟಿಂಗ್ ಅನ್ನುತ್ತಿತ್ತು. ಸಂಬಳ ಬೇರೆ, ದಾರಿಯ ಊಟ ತಿಂಡಿಯ ಬಾಟಾ ಬೇರೆ, ಓಡಿಸಿದ ಕಿಲೋಮೀಟರಿಗೆ ಇನ್ಸೆಂಟಿವ್ ಬೇರೆ. ಒಟ್ಟು ಸೇರಿಸಿದರೆ ಸಾಹುಕಾರರ ಹತ್ತಿರ ಸಿಗುತ್ತಿದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು. ಅಡ್ವಾನ್ಸ್ ಕೇಳಿದರೆ ಮಾತ್ರ ಒಂದು ಫಾರ್ಮ್ ಕಳಿಸುತ್ತಿದ್ದರು, ಫಾರ್ಮ್ ವಾಪಸ್ ಬರುವಷ್ಟರಲ್ಲಿ ಕಾಯಿಲೆ ತಾನಾಗಿಯೇ ವಾಸಿಯಾಗಿರುತ್ತಿತ್ತು.

ಪಿಎಫ್, ಇಎಸ್‌ಐ (ಇದು ಕಾಯಿಲೆಗೆ ವಿಮೆ) ಬಗ್ಗೆ ಹುಡುಗರು ಜಾಸ್ತಿ ತಲೆಕೆಡಿಸಿಕೊಳ್ಳುವುದಿಲ್ಲ, "ಕೈಗೆ ಬರೋದು ಎಷ್ಟು ಮಾವ" ಅಂತ ಅಷ್ಟೇ ಕೇಳುತ್ತಾರೆ. ಸ್ವಲ್ಪ ತಲೆಕೆಡಿಸಿಕೊಳ್ಳಿ. ಪಿಎಫ್‌ಗೆ ನಮ್ಮ ಸಂಬಳದಲ್ಲಿ 12 ಪರ್ಸೆಂಟ್ ಹಿಡಿದರೆ ಕಂಪನಿಯೂ ಅಷ್ಟೇ ಹಾಕಬೇಕು. ಇಎಸ್‌ಐಗೆ ನಮ್ಮದು ಬರೀ 0.75, ಕಂಪನಿಯದು 3.25. ಸಂಬಳ 21 ಸಾವಿರದ ಒಳಗಿದ್ದರೆ ಇಎಸ್‌ಐ ಸಿಗುತ್ತದೆ. ಅಮ್ಮನ ಎರಡೂ ಕಣ್ಣಿನ ಪೊರೆ ಆಪರೇಷನ್ ನನಗೆ ಒಂದು ರೂಪಾಯಿ ಖರ್ಚಿಲ್ಲದೆ ಆಗಿದ್ದು ಅದರಲ್ಲೇ. ಇನ್ನೊಂದು, ಸಂಬಳದ ಸ್ಲಿಪ್. ಸಾಹುಕಾರರ ಹತ್ತಿರ ಹದಿನೈದು ವರ್ಷ ದುಡಿದರೂ ಬ್ಯಾಂಕಿನವರ ಮುಂದೆ ನಾವು ಏನೂ ಅಲ್ಲ. ಕಂಪನಿ ಸೇರಿ ಎರಡು ವರ್ಷಕ್ಕೆ ಮನೆ ಸಾಲ ಸಿಕ್ಕಿತು, ಹೆಂಚು ತೆಗೆದು ತಾರಸಿ ಹಾಕಿಸಿದೆ. ಮದುವೆ ಮಾತುಕತೆಗೂ ಅದೇ ಸ್ಲಿಪ್ ಉಪಯೋಗಕ್ಕೆ ಬಂತು ಅಂದರೆ ನಗಬೇಡಿ. ನಮ್ಮ ಕಡೆ ಲಾರಿ ಡ್ರೈವರ್ ಅಂದರೆ ಹೆಣ್ಣು ಕೊಡುವವರು ಎಲೆ ಅಡಿಕೆ ತಟ್ಟೆ ಹಾಗೇ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, "ಕಂಪನೀಲಿ ಕೆಲಸ" ಅಂದರೆ ಕಾಫಿ ಆದರೂ ಬರುತ್ತದೆ.

ರಸ್ತೆಯ ಮೇಲಿನ ತಲೆಬಿಸಿ ಕಂಪನಿಯಲ್ಲಿ ನಿಜವಾಗಿ ಕಡಿಮೆ. ಸಾಹುಕಾರರ ಕಾಲದಲ್ಲಿ ಗುಜರಾತಿನಲ್ಲಿ ಅಡಿಕೆ ಇಳಿಸಿದರೆ ವಾಪಸ್ ಲೋಡಿಗೆ ಬ್ರೋಕರ್ ಆಫೀಸಿನ ಮುಂದೆ ಮೂರು ದಿನ, ನಾಲ್ಕು ದಿನ ಬಿದ್ದಿರುತ್ತಿದ್ದೆವು. ಲಾರಿ ಕೆಳಗೆ ಚಾಪೆ, ಸೀಮೆಎಣ್ಣೆ ಸ್ಟೌ, ಅನ್ನ, ಅಪ್ಪೆಮಿಡಿ ಉಪ್ಪಿನಕಾಯಿ. ಜಿಎಸ್‌ಟಿ ಬರುವ ಮೊದಲು ಚೆಕ್‌ಪೋಸ್ಟ್‌ಗಳಲ್ಲಿ ಸಾಲು ನಿಂತು ನಿಂತು ಕಾಲು ಬಾತುಕೊಳ್ಳುತ್ತಿದ್ದವು, ಒಂದು ಕಾಗದಕ್ಕೆ ಒಂದು ನೋಟು ಮಡಚಿ ಇಡಬೇಕಿತ್ತು. ಕಂಪನಿಯಲ್ಲಿ ಇಳಿಸುವ ಮೊದಲೇ ಮುಂದಿನ ಲೋಡ್ ಎಲ್ಲಿ ಅಂತ ಮೆಸೇಜ್ ಬಂದಿರುತ್ತದೆ. ಡೀಸೆಲ್‌ಗೆ ಕಾರ್ಡ್, ಟೋಲ್‌ಗೆ ಫಾಸ್ಟ್ಯಾಗ್, ಕೈಯಲ್ಲಿ ದೊಡ್ಡ ದುಡ್ಡು ಇಟ್ಟುಕೊಳ್ಳುವ ಭಯ ಇಲ್ಲ. ಸಾಮಾನು ಸಾಗಿಸಲು ಬೇಕಾದ ಆನ್‌ಲೈನ್ ಚೀಟಿ, ಅಂದರೆ ಇ-ವೇ ಬಿಲ್, 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಕೊಡುತ್ತಾರೆ, ದಾರಿಯಲ್ಲಿ ಗಾಡಿ ಕೆಟ್ಟು ಅದರ ಅವಧಿ ಮುಗಿಯುವ ಹಾಗಾದರೆ ಆಫೀಸಿನಲ್ಲೇ ಕೂತು ಮುಂದಕ್ಕೆ ಹಾಕಿಸುತ್ತಾರೆ. ಟೈರು ಸವೆದರೆ ಬೇರೆ ಟೈರು. ಸಾಹುಕಾರರ ಹತ್ತಿರ ರೀಸೋಲ್ ಟೈರಿನ ಮೇಲೆ ಇನ್ನೊಂದು ರೀಸೋಲ್.

ಓವರ್‌ಲೋಡ್ ಇಲ್ಲ ಅನ್ನುವುದನ್ನು ಬೇರೆಯಾಗಿಯೇ ಹೇಳಬೇಕು. ಟೆನ್ ವೀಲರ್ ಒಟ್ಟು ತೂಕವನ್ನು ಸರ್ಕಾರ 25 ಟನ್‌ನಿಂದ 28.5ಕ್ಕೆ ಏರಿಸಿದ್ದು 2018ರಲ್ಲಿ. ನಮ್ಮ ಸಾಹುಕಾರರು ಅದಕ್ಕೂ ಹತ್ತು ವರ್ಷ ಮೊದಲೇ ಏರಿಸಿದ್ದರು. ಆ ತೂಕ ಹೊತ್ತು ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಡ್ರಮ್ಮಿನಿಂದ ಬರುವ ವಾಸನೆ ಇದೆಯಲ್ಲ, ಅದು ಮೂಗಿಗೆ ಬಡಿದರೆ ಕುಲದೇವರು, ಮಾರಿಕಾಂಬೆ, ಧರ್ಮಸ್ಥಳದ ಮಂಜುನಾಥ, ಎಲ್ಲರೂ ಒಟ್ಟಿಗೆ ನೆನಪಾಗುತ್ತಾರೆ. ಕಂಪನಿಯ ಆರು ವರ್ಷದಲ್ಲಿ ಆ ವಾಸನೆ ನನಗೆ ಬರಲಿಲ್ಲ. ಈಗ ಮತ್ತೆ ಒಂದೊಂದು ಸಲ ಬರುತ್ತದೆ.

ಇಷ್ಟೆಲ್ಲ ಇದ್ದ ಮೇಲೆ ಯಾಕೆ ಬಿಟ್ಟೆ ಅಂತ ಕೇಳಬಹುದು. ಹೇಳ್ತೀನಿ.

ಕಂಪನಿ ಗಾಡಿಯಲ್ಲಿ ಸೀಟಿನ ಮೇಲೆ ಕೂರುವುದು ನಾವು, ಆದರೆ ಓಡಿಸುವುದು ಎಲ್ಲೋ ದೂರದಲ್ಲಿ ಸ್ಕ್ರೀನ್ ಮುಂದೆ ಕೂತಿರುವ ಒಬ್ಬ ಹುಡುಗ. ಜಿಪಿಎಸ್ ಇದೆ, ಟ್ಯಾಂಕಿನಲ್ಲಿ ಡೀಸೆಲ್ ಸೆನ್ಸರ್ ಇದೆ, ಆಮೇಲೆ ಆಮೇಲೆ ಮುಖಕ್ಕೆ ಎದುರಾಗಿ ಕ್ಯಾಮೆರಾನೂ ಬಂತು, ಆಕಳಿಸಿದರೆ ಟೀ ಟೀ ಅಂತ ಕೂಗುತ್ತದೆ. ನಾನು ಅದನ್ನು ಸುಮ್ನೆ ಬೈಯುವುದಿಲ್ಲ, ತುಮಕೂರಿನ ಹತ್ತಿರ ಬೆಳಗಿನ ಜಾವ ನಾಲ್ಕಕ್ಕೆ ಅದು ಒಂದು ಸಲ ನನ್ನನ್ನು ಎಬ್ಬಿಸಿದೆ, ಎದುರಿಗೆ ಇಂಡಿಕೇಟರ್ ಇಲ್ಲದೆ ನಿಂತ ಕಬ್ಬಿನ ಟ್ರ್ಯಾಕ್ಟರ್ ಇತ್ತು. ಆದರೆ ಘಾಟಿಯ ಮೇಲೆ ಆ ಸ್ಕ್ರೀನಿಗೆ ಏನೂ ಗೊತ್ತಾಗುವುದಿಲ್ಲ.

ಒಂದು ಜುಲೈ ತಿಂಗಳು. ಶಿವಮೊಗ್ಗದ ಒಂದು ಫೌಂಡ್ರಿಯಿಂದ ಎರಕದ ಸಾಮಾನು ತುಂಬಿಕೊಂಡು ಮಂಗಳೂರಿಗೆ ಹೋಗಬೇಕು. ಶಿರಾಡಿಯಲ್ಲಿ ಮಣ್ಣು ಕುಸಿದು ರಸ್ತೆ ಬಂದ್. ಆಗುಂಬೆಯ 14 ತಿರುವಿನಲ್ಲಿ ದೊಡ್ಡ ಗಾಡಿ ಬಿಡುವುದೇ ಇಲ್ಲ. ಹಾಗಾಗಿ ಸಾಗರ, ಮಾವಿನಗುಂಡಿ, ಗೇರುಸೊಪ್ಪೆ, ಹೊನ್ನಾವರ ಅಂತ ಸುತ್ತು ಹಾಕಿ ಹೊರಟೆ. ಆಫೀಸಿನ ಮ್ಯಾಪಿನಲ್ಲಿ ಆಗುಂಬೆ ಹತ್ತಿರ ಕಾಣಿಸುತ್ತದೆ, "ಯಾಕ್ ಸುತ್ತಿ ಹೋಗ್ತಿದ್ದೀರಾ ಬ್ರದರ್" ಅಂತ ಮೊದಲನೇ ಫೋನ್ ಸಾಗರದಲ್ಲೇ ಬಂತು. ಬ್ರದರ್ ಅನ್ನುವ ಆ ಹುಡುಗನಿಗೆ ನನ್ನ ಅರ್ಧ ವಯಸ್ಸು. ಹೇಳಿದೆ. ಮಾವಿನಗುಂಡಿ ದಾಟಿ ಇಳಿಯಲು ಶುರು ಮಾಡಿದೆ, ಮೂರನೇ ತಿರುವಿನಲ್ಲೋ ನಾಲ್ಕನೇ ತಿರುವಿನಲ್ಲೋ ದೊಡ್ಡದೊಂದು ಮರ ಅಡ್ಡ ಬಿದ್ದಿದೆ. ಮುಂದೆ ಎರಡು ಬಸ್ಸು, ಹಿಂದೆ ಮೀನಿನ ಗಾಡಿಗಳು, ಮಳೆ ಕೊಡಪಾನದಲ್ಲಿ ಸುರಿದ ಹಾಗೆ, ಮೊಬೈಲಿಗೆ ನೆಟ್‌ವರ್ಕ್ ಅಂತ ಒಂದು ಕಡ್ಡಿಯೂ ಇಲ್ಲ. ಊರಿನವರು ಬಂದು ಗರಗಸ ಹಾಕಿ ಮರ ಕುಯ್ದು ದಾರಿ ಬಿಡುವಷ್ಟರಲ್ಲಿ ಬೆಳಗಾಯಿತು. ಗೇರುಸೊಪ್ಪೆಗೆ ಇಳಿದು ನೆಟ್‌ವರ್ಕ್ ಬಂದ ಕೂಡಲೇ ಹದಿನೇಳು ಮೆಸೇಜ್. ಗಾಡಿ ಯಾಕೆ ನಿಂತಿದೆ, ಜಿಪಿಎಸ್ ಯಾಕೆ ಕಿತ್ತಿದ್ದೀರಿ, ಕಾರಣ ಬರೆದು ಕೊಡಿ. ಜಿಪಿಎಸ್ ನಾನ್ಯಾಕೆ ಕೀಳಲಿ? ಮರದ ಫೋಟೊ ಕಳಿಸಿದೆ. "ಟೈಮ್ ಸ್ಟ್ಯಾಂಪ್ ಇಲ್ಲ" ಅಂದರು. ಆ ಟ್ರಿಪ್ಪಿನ ಇನ್ಸೆಂಟಿವ್ ಹೋಯಿತು.

ಡೀಸೆಲ್ ಲೆಕ್ಕವೂ ಇದೇ ಥರ. ಲೀಟರಿಗೆ ಇಷ್ಟು ಕಿಲೋಮೀಟರ್ ಕೊಡಬೇಕು ಅಂತ ಗಾಡಿಗೆ ಒಂದು ನಂಬರ್ ಕಟ್ಟಿರುತ್ತಾರೆ. ಚಿತ್ರದುರ್ಗದಿಂದ ಹುಬ್ಬಳ್ಳಿವರೆಗಿನ ರಸ್ತೆಯಲ್ಲಿ ಆ ನಂಬರ್ ಸಲೀಸಾಗಿ ಬರುತ್ತದೆ, ಕಣ್ಣು ಮುಚ್ಚಿ ಓಡಿಸಿದರೂ ಬರುತ್ತದೆ (ಮುಚ್ಚಬೇಡಿ). ಅದೇ ನಂಬರನ್ನು ಸೆಕೆಂಡ್ ಗೇರಿನಲ್ಲಿ ಘಾಟಿ ಹತ್ತುವವನ ಹತ್ತಿರವೂ ಕೇಳುತ್ತಾರೆ. ಕಡಿಮೆ ಬಂದರೆ ಡೀಸೆಲ್ ಕದ್ದಿದ್ದೀಯ ಅಂತ ಬಾಯಲ್ಲಿ ಅನ್ನುವುದಿಲ್ಲ, ಸಂಬಳದಲ್ಲಿ ಹಿಡಿಯುತ್ತಾರೆ. ಒಂದು ತಿಂಗಳು ನನಗೆ 2,300 ಹಿಡಿದರು. ಕದಿಯುವವರು ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ, ಸಾಹುಕಾರರ ಕಾಲದಲ್ಲಿ ನಾವೂ ಐದು ಲೀಟರ್ ಹತ್ತು ಲೀಟರ್ ಇಳಿಸಿ ಊಟ ಮಾಡಿದವರೇ. ಅದಕ್ಕೇ ಇರಬೇಕು, ಕದಿಯದೇ ಇದ್ದಾಗ ಹಿಡಿದಿದ್ದು ಜಾಸ್ತಿ ಉರಿಯಿತು.

ಇನ್ನು ಕ್ಲೀನರ್. ಇದನ್ನು ಯಾರೂ ಅನುಕೂಲ ಅನಾನುಕೂಲದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನನಗೆ ಮಾತ್ರ ಇದೇ ದೊಡ್ಡದು ಅನಿಸುತ್ತದೆ. ಕಂಪನಿ ಗಾಡಿಯಲ್ಲಿ ಕ್ಲೀನರ್ ಇಲ್ಲ. ಲಾಂಗ್ ಇದ್ದರೆ ಇಬ್ಬರು ಡ್ರೈವರ್, ಇಲ್ಲದಿದ್ದರೆ ಒಬ್ಬನೇ. ನಾನು ಕ್ಲೀನರ್ ಆಗಿ ಹತ್ತಿದಾಗ ನಮ್ಮ ಡ್ರೈವರ್ ಭದ್ರಾವತಿಯ ಕಡೆಯ ಹಿರಿಯರು, ಮೊದಲ ಒಂದು ವರ್ಷ ಸ್ಟೇರಿಂಗ್ ಮುಟ್ಟಲು ಬಿಡಲಿಲ್ಲ. ಟಾರ್ಪಾಲು ಹೇಗೆ ಎಳೆಯಬೇಕು, ಮಳೆ ನೀರು ಎಲ್ಲಿ ನಿಲ್ಲುತ್ತದೆ, ಅಡಿಕೆ ಮೂಟೆಗೆ ಹಗ್ಗ ಯಾವ ಕಡೆಯಿಂದ ಬಿಗಿಯಬೇಕು, ಏರಿನಲ್ಲಿ ಗಾಡಿ ನಿಂತರೆ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುವುದು ಹೇಗೆ. ಇಂಜಿನ್ ಸದ್ದು ಕೇಳಿ ಗೇರ್ ಹೇಳು ಅಂತ ಕಣ್ಣು ಮುಚ್ಚಿಸಿ ಕೂರಿಸುತ್ತಿದ್ದರು, ತಪ್ಪಿದರೆ ತಲೆಗೆ ಒಂದು ಮೊಟಕು. "ಘಾಟಿ ಹತ್ತಿದ ಗೇರಲ್ಲೇ ಇಳೀಬೇಕು, ಬ್ರೇಕ್ ನಂಬಬೇಡ" ಅಂತ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಕಂಪನಿಯಲ್ಲೂ ಟ್ರೈನಿಂಗ್ ಇದೆ, ಮೂರು ದಿನ, ಪ್ರೊಜೆಕ್ಟರ್, ಮಧ್ಯಾಹ್ನ ಊಟ, ಕೊನೆಗೆ ಸರ್ಟಿಫಿಕೇಟ್. ಯೂರಿಯಾ ಟ್ಯಾಂಕ್ ಖಾಲಿಯಾದರೆ ಹೊಸ ಹೊಗೆ ನಿಯಮದ ಬಿಎಸ್-6 ಗಾಡಿ ಎಳೆಯುವುದಿಲ್ಲ ಅನ್ನುವಂಥ ಹೊಸ ವಿಷಯಗಳನ್ನು ಚೆನ್ನಾಗಿ ಹೇಳಿಕೊಡುತ್ತಾರೆ, ಅದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. ಆದರೆ ಮಂಜಿನಲ್ಲಿ ಎಡಗಡೆಯ ಚರಂಡಿ ಕಾಣದೆ ಗಾಡಿ ಹಿಂದಕ್ಕೆ ತೆಗೆಯುವಾಗ "ಬರಲಿ ಬರಲಿ, ಬಲಕ್ಕೆ, ಹಾಂ ಸಾಕು" ಅನ್ನುವ ಒಂದು ದನಿ ಇರುವುದಿಲ್ಲ. ರಾತ್ರಿ ನಿದ್ದೆ ಬಂದಾಗ ಮಾತಾಡಲು ಯಾರೂ ಇರುವುದಿಲ್ಲ. ಮೊದಲ ಆರು ತಿಂಗಳು ನಾನು ಗಾಡಿಯ ಜೊತೆಗೇ ಮಾತಾಡುತ್ತಿದ್ದೆ.

ಆಕ್ಸಿಡೆಂಟ್ ವಿಷಯ ಬರೆಯಲು ಮನಸ್ಸಿಲ್ಲ, ಆದರೂ ಹುಡುಗ ಕೇಳಿದ್ದಾನೆ. 2019ರಲ್ಲಿ ರಾಣೆಬೆನ್ನೂರು ದಾಟಿದ ಮೇಲೆ ರಾಂಗ್ ಸೈಡಿನಲ್ಲಿ ಬಂದ ಬೈಕ್ ಒಂದು ನನ್ನ ಮುಂದಿನ ಬಂಪರಿಗೆ ತಗುಲಿತು. ಸವಾರನ ಕಾಲು ಮುರಿಯಿತು, ಜೀವ ಉಳಿಯಿತು. ಕಂಪನಿಯ ವಕೀಲರು ಮಧ್ಯಾಹ್ನದ ಒಳಗೆ ಸ್ಟೇಷನ್ನಿಗೆ ಬಂದರು, ಜಾಮೀನು, ಇನ್ಶೂರೆನ್ಸ್, ಗಾಡಿ ಬಿಡಿಸುವುದು, ಒಂದಕ್ಕೂ ನಾನು ಓಡಾಡಲಿಲ್ಲ. ಆಮೇಲೆ ಎರಡು ತಿಂಗಳು ವಿಚಾರಣೆ ಅಂತ ಮನೆಯಲ್ಲಿ ಕೂರಿಸಿದರು, ಸಂಬಳ ಇಲ್ಲ. ನಾನು ಕ್ಲೀನರ್ ಇದ್ದಾಗ ತರೀಕೆರೆ ಹತ್ತಿರ ಒಂದು ಸಣ್ಣ ಗುದ್ದು ಆಗಿತ್ತು. ಸಾಹುಕಾರರು ರಾತ್ರೋರಾತ್ರಿ ಸಾಗರದಿಂದ ಜೀಪಿನಲ್ಲಿ ಬಂದರು, ಜೊತೆಗೆ ಮನೆಯಿಂದ ಬುತ್ತಿ ತಂದಿದ್ದರು, ಬೆಳಗಿನವರೆಗೆ ಸ್ಟೇಷನ್ ಬೆಂಚಿನ ಮೇಲೆ ನಮ್ಮ ಪಕ್ಕ ಕೂತಿದ್ದರು. ಬಂಪರಿನ ದುಡ್ಡನ್ನು ಡ್ರೈವರ್ ಸಂಬಳದಲ್ಲಿ ಹಿಡಿದರು ಅನ್ನುವುದನ್ನೂ ಹೇಳಬೇಕು. ಈಗಂತೂ ಗುದ್ದಿ ಓಡಿದರೆ 10 ವರ್ಷ ಅಂತ ಹೊಸ ಕಾನೂನಿನಲ್ಲಿ ಬರೆದಿದ್ದಾರೆ, 2024ರ ಜನವರಿಯಲ್ಲಿ ದೇಶದ ತುಂಬಾ ಡ್ರೈವರ್‌ಗಳು ಗಾಡಿ ನಿಲ್ಲಿಸಿದ ಮೇಲೆ ಆ ಒಂದು ಕಲಂ ಮಾತ್ರ ತಡೆ ಹಿಡಿದರು. ನಿಂತರೆ ಜನ ಹೊಡೀತಾರೆ, ಓಡಿದರೆ ಜೈಲು. ಅಂಥ ಹೊತ್ತಿನಲ್ಲಿ ಹಿಂದೆ ಕಂಪನಿ ವಕೀಲ ಇರುವುದು ಸಣ್ಣ ಮಾತಲ್ಲ.

ನನ್ನ ಅಳಿಯ, ಅದೇ ಅಕ್ಕನ ಮಗ, ಅಮೆರಿಕದ ಟ್ರಕ್ಕುಗಳ ವಿಡಿಯೋ ಬೇರೆ ಕಳಿಸುತ್ತಿರುತ್ತಾನೆ. ಒಳಗೆ ಹಾಸಿಗೆ, ಫ್ರಿಜ್ಜು, ನಾಯಿಮರಿ. ಅಲ್ಲಿ 10 ಗಂಟೆ ರಜೆ ಆದ ಮೇಲೆ 14 ಗಂಟೆಯೊಳಗೆ 11 ಗಂಟೆ ಮಾತ್ರ ಓಡಿಸಬಹುದು, ಅದನ್ನು ಇಂಜಿನ್ನಿಗೆ ಹಾಕಿದ ಯಂತ್ರವೇ ಬರೆದಿಡುತ್ತದೆ. ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ, 1961ರಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಮಾಡಿದ್ದರು. ನಾನು ಹುಟ್ಟುವ ಎಷ್ಟೋ ಮೊದಲಿನ ಕಾನೂನು, ನನ್ನ ಕಣ್ಣಿಗೆ ಬಿದ್ದಿದ್ದು ಕಂಪನಿಯ ಗೋಡೆಯ ಮೇಲಿನ ಬೋರ್ಡಿನಲ್ಲಿ ಮಾತ್ರ. ಆದರೆ ಅಮೆರಿಕದಲ್ಲಿಯೂ ದೊಡ್ಡ ಕಂಪನಿಗಳಲ್ಲಿ ಹೆಚ್ಚಾಗಿ ಮೈಲಿ ಲೆಕ್ಕದಲ್ಲೇ ಸಂಬಳ, ಗೋಡೌನ್ ಬಾಗಿಲಲ್ಲಿ ಕಾದ ಹೊತ್ತಿಗೆ ಸರಿಯಾಗಿ ದುಡ್ಡು ಸಿಗುವುದಿಲ್ಲ ಅಂತ ಅವರೂ ಗೋಳಾಡುತ್ತಾರೆ. ಕಾಯುವುದು ಎಲ್ಲಾ ಕಡೆ ಬಿಟ್ಟಿ, ಅಲ್ವಾ. ಒಂದು ಒಳ್ಳೆಯದು: 2025ರ ಅಕ್ಟೋಬರ್ 1ರಿಂದ ತಯಾರಾದ ಲಾರಿಗಳಿಗೆ ಇಲ್ಲಿಯೂ ಎಸಿ ಕ್ಯಾಬಿನ್ ಕಡ್ಡಾಯ. ಮೇ ತಿಂಗಳಲ್ಲಿ ನಾಗಪುರದ ಹತ್ತಿರ ಕಾಲಿನ ಕೆಳಗೆ ಇಂಜಿನ್ ಬಿಸಿ, ತಲೆಯ ಮೇಲೆ ತಗಡಿನ ಬಿಸಿ ಅನುಭವಿಸಿದವನಿಗೆ ಇದು ಕೇಳಿಯೇ ತಂಪಾಗುತ್ತದೆ.

ಬಿಟ್ಟಿದ್ದು ಯಾಕೆ ಅಂದರೆ, ಮರಕ್ಕೂ ಅಲ್ಲ, ಡೀಸೆಲ್‌ಗೂ ಅಲ್ಲ, ತೋಟಕ್ಕೆ ಔಷಧಿ ಹೊಡೆಯುವುದಕ್ಕೆ. ತೋಟ ಇರುವವರಿಗೆ ಬೇಗ ಅರ್ಥ ಆಗುತ್ತದೆ. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಅಡಿಕೆ ಗೊನೆಗಳಿಗೆ ಬೋರ್ಡೋ ಔಷಧಿ ಹೊಡೆಯಲೇಬೇಕು, ಇಲ್ಲದಿದ್ದರೆ ಕೊಳೆ ರೋಗ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಕಲಸುವುದು ಕಷ್ಟ ಇಲ್ಲ. ಕಷ್ಟ ಇರುವುದು ದಿನ ಸಿಗುವುದು. ಎರಡನೇ ಔಷಧಿ ಹೊತ್ತಿಗೆ ಮಳೆ ಯಾವತ್ತೋ ಒಂದು ದಿನ ಬೆಳಿಗ್ಗೆ ಬಿಡುತ್ತದೆ, ಬಿಸಿಲು ಇಣುಕುತ್ತದೆ, ಅವತ್ತೇ ಮರ ಹತ್ತುವ ಕೊನೆಗಾರ ಸಿಗಬೇಕು, ಅವತ್ತೇ ಪಂಪು ಸ್ಟಾರ್ಟ್ ಆಗಬೇಕು, ಅವತ್ತೇ ಪೈಪ್ ಹಿಡಿಯಲು ಮನೆಯಲ್ಲಿ ಗಂಡಾಳು ಇರಬೇಕು. ಕಂಪನಿಯಲ್ಲಿ ರಜೆಗೆ ಹದಿನೈದು ದಿನ ಮೊದಲು ಆ್ಯಪಿನಲ್ಲಿ ಹಾಕಬೇಕು. ನಮ್ಮ ಮಳೆ ಆ್ಯಪ್ ನೋಡುತ್ತದಾ? ಸಾಹುಕಾರರ ಹತ್ತಿರ ಇದ್ದಾಗ "ಮಳೆ ಹೊಳವಾಗಿದೆ" (ಮಳೆ ಬಿಟ್ಟಿದೆ) ಅಂದರೆ ಸಾಕಿತ್ತು, ಅವರದ್ದೂ ತೋಟ ಇತ್ತು, ಲಾರಿ ಎರಡು ದಿನ ನಿಲ್ಲುತ್ತಿತ್ತು. 2022ರ ಮಳೆಗಾಲದಲ್ಲಿ ನಾನು ಪುಣೆಯ ಹತ್ತಿರ ಅನ್‌ಲೋಡಿಗೆ ನಿಂತಿದ್ದೆ, ಹೆಂಡತಿ ಫೋನಿನಲ್ಲಿ "ಇವತ್ತು ಹೊಳವು, ಎಲ್ಲರ ತೋಟದಲ್ಲೂ ಪಂಪಿನ ಸದ್ದು" ಅಂದಳು. ಆ ಹೊಳವು ಎರಡು ದಿನ ಇತ್ತು. ನಾನು ಮನೆಗೆ ಬಂದಿದ್ದು ಹನ್ನೆರಡು ದಿನ ಆದ ಮೇಲೆ. ಅಷ್ಟರಲ್ಲಿ ಮರದ ಬುಡದಲ್ಲೆಲ್ಲ ಹಸಿರು ಕಾಯಿ ಕೊಳೆತು ಉದುರಿತ್ತು. ಆ ವರ್ಷದ ಇನ್ಸೆಂಟಿವ್ ಎಲ್ಲ ಕೂಡಿಸಿದರೂ ಆ ನಷ್ಟ ತುಂಬಲಿಲ್ಲ. ದೀಪಾವಳಿಗೂ ಅಷ್ಟೇ, ಆನ್‌ಲೈನ್ ಸಾಮಾನಿನ ಸೀಸನ್ ಅಂತ ಕಂಪನಿಯಲ್ಲಿ ಆಗಲೇ ಜಾಸ್ತಿ ಕೆಲಸ, ಆರು ವರ್ಷದಲ್ಲಿ ದೀಪಾವಳಿಗೆ ಮೊದಲು ಬರುವ ಭೂಮಿ ಹುಣ್ಣಿಮೆಗೆ ಒಂದೇ ಒಂದು ಸಲ ಊರಿನಲ್ಲಿದ್ದೆ. ಹಬ್ಬಕ್ಕೆ ನಾನು ಕೆಲಸ ಬಿಡುತ್ತಿರಲಿಲ್ಲ, ತೋಟಕ್ಕೆ ಬಿಟ್ಟೆ.

ಅಳಿಯನಿಗೆ ತೋಟ ಇಲ್ಲ, ಮದುವೆ ಆಗಿಲ್ಲ, ಅಕ್ಕ ಭಾವ ಗಟ್ಟಿಯಾಗಿದ್ದಾರೆ. ಹಾಗಾಗಿ ಸೇರು ಮಾರಾಯ, ಸೇರು. ಮೂರು ವರ್ಷ ಕಣ್ಣು ಮುಚ್ಚಿ ದುಡಿ, ಸ್ಲಿಪ್ಪುಗಳನ್ನು ಒಂದು ಕವರಿನಲ್ಲಿ ಜೋಡಿಸಿ ಇಡು. ಆದರೆ ಹೋದ ದಿನ ಸಂಬಳ ಎಷ್ಟು ಅಂತ ಮಾತ್ರ ಕೇಳಿ ಬರಬೇಡ. ಮೈಲೇಜ್ ನಂಬರ್ ಘಾಟಿಗೆ ಬೇರೆ ಇದೆಯಾ ಕೇಳು. ಲೋಡಿಗೆ ಕಾದ ದಿನಕ್ಕೆ ಬಾಟಾ ಉಂಟಾ ಕೇಳು. ಸಾಮಾನು ಕಡಿಮೆ ಬಂದರೆ, ಸೀಲ್ ಒಡೆದಿದ್ದರೆ ಯಾರ ತಲೆಗೆ ಕಟ್ಟುತ್ತಾರೆ ಕೇಳು. ಎಷ್ಟು ದಿನಕ್ಕೊಮ್ಮೆ ಮನೆಗೆ ಬಿಡುತ್ತಾರೆ ಅನ್ನುವುದನ್ನು ಆಫೀಸಿನವರ ಹತ್ತಿರ ಕೇಳಬೇಡ, ಹೊರಗೆ ಯಾರ್ಡಿನಲ್ಲಿ ಬೀಡಿ ಸೇದುತ್ತಾ ಕೂತ ಹಳೇ ಡ್ರೈವರ್ ಹತ್ತಿರ ಕೇಳು. ಒರಿಜಿನಲ್ ಲೈಸೆನ್ಸ್ ನಮ್ಮ ಹತ್ತಿರ ಇರಲಿ ಅಂದರೆ ಎದ್ದು ಬಾ, ಅಲ್ಲಿ ಕೂರಬೇಡ. ಪಿಎಫ್‌ನ ಯುಎಎನ್ ನಂಬರ್ ಕೊಟ್ಟ ದಿನವೇ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ನೋಡಿಕೋ, ನನ್ನದು ಒಂದು ಅಕ್ಷರ ತಪ್ಪಿತ್ತು, ಅದನ್ನು ಸರಿ ಮಾಡಿಸಲು ಒಂದು ವರ್ಷ ಅಲೆದಿದ್ದೇನೆ.

ಇನ್ನೂ ಇದೆ, ನೆನಪಾದ ಹಾಗೆ ಫೋನಿನಲ್ಲಿ ಹೇಳ್ತೀನಿ. ನಾಳೆ ಬೆಳಿಗ್ಗೆ ಹುಬ್ಬಳ್ಳಿಗೆ ಹೊರಡಬೇಕು, ಮೂಟೆ ತುಂಬಿ ಆಗಿದೆ, ಹಗ್ಗ ಬಿಗಿಯುವುದು ಬಾಕಿ. ಕ್ಲೀನರ್ ಹುಡುಗ ಈಗ ಎರಡನೇ ಸಲ ಬಂದು ಕರೆದ, ಪಶ್ಚಿಮದ ಕಡೆ ಕಪ್ಪಾಗಿದೆಯಂತೆ.